ಬಜೆ ಆರಿಸುವ ಮೂಗಯ್ಯ

ಲೋಕದಲ್ಲಿ ಮೂಗು ಅಂತ ಇರುವುದು ಒಂದೇ ಒಂದು. ಉಳಿದ ಮುಖಗಳ ನಡುವೆ ಕಾಣುವುದೆಲ್ಲ ಕನ್ನಡಕ ಜಾರದಿರಲಿ ಎಂದು ದೇವರು ಬಡಿದಿಟ್ಟ ಗೂಟ. ಆ ಒಂದೇ ಮೂಗು ದಿನಾ ನಸುಕಿನಲ್ಲಿ, ಕೋಳಿ ಕೊಕ್ಕು ತೆರೆಯುವ ಮೊದಲೇ, ಸೈಕಲ್ ರಿಪೇರಿ ಅಂಗಡಿಯ ಮೇಲಿನ ಒಂಟಿ ಕೋಣೆಯಿಂದ ಮೆಟ್ಟಿಲಿಳಿದು ಜೌಗಿನ ದಂಡೆಯಲ್ಲಿರುವ, ಔಷಧಿ ಬೇರು ಒಣಗಿಸುವ ಅಂಗಳದ ಕಡೆ ಹೊರಡುತ್ತದೆ. ಅದರ ಹಿಂದೆ ಐದು ಹೆಜ್ಜೆ ಬಿಟ್ಟು, ಮಫ್ಲರ್ ಸುತ್ತಿಕೊಂಡು, ಅದರ ಒಡೆಯರು ಬರುತ್ತಾರೆ.

ಅಂಗಳದ ಗೇಟಿನಲ್ಲಿ ನಿಂತು ಅವರು ಒಮ್ಮೆ ಉಸಿರೆಳೆದರೆ ಜೌಗಿನ ಮೇಲಿನ ಮಂಜು ಎರಡು ಮೊಳ ಈಚೆ ಸರಿಯುತ್ತದೆ. ಕಪ್ಪೆಗಳು ವಟಗುಟ್ಟುವುದನ್ನು ಬಿಟ್ಟು ಒಂದನ್ನೊಂದು ಗಟ್ಟಿಯಾಗಿ ಹಿಡಿದುಕೊಳ್ಳುತ್ತವೆ. ನಂಬಿಕೆ ಬಾರದವರು ಅವರನ್ನೇ ಕೇಳಬಹುದು. ಅವರು ಇದಕ್ಕಿಂತ ಹೆಚ್ಚೇ ಹೇಳುತ್ತಾರೆ.

ಅಪ್ಪ ಅಮ್ಮ ಇಟ್ಟ ಹೆಸರು ಏನಿತ್ತೋ, ಈಗ ಎಲ್ಲರಿಗೂ ಅವರು ಮೂಗಯ್ಯ. ಅವರ ಕೆಲಸ ಬಜೆ ಆರಿಸುವುದು. ಬಜೆ ಗೊತ್ತಲ್ಲ? ಜೌಗಿನಲ್ಲಿ ಕತ್ತಿಯಂಥ ಎಲೆಗಳನ್ನು ಮೇಲೆತ್ತಿ ನಿಂತು, ಕೆಸರಿನೊಳಗೆ ಗೆಣ್ಣು ಗೆಣ್ಣಾದ ಬೇರು ಹರಿಸುವ ಗಿಡ. ಗಂಟಲು ಕಟ್ಟಿದವರು, ಹೊಟ್ಟೆ ಉಬ್ಬಿದವರು, ಹಾಡಲು ನಿಂತು ದನಿ ಹೊರಡದವರು ತಲೆತಲಾಂತರದಿಂದ ಅದರ ಬೇರನ್ನು ತೇದೋ ಜಗಿದೋ ನುಂಗುತ್ತ ಬಂದಿದ್ದಾರೆ. ತೊಂದರೆ ಏನೆಂದರೆ, ಅದೇ ಕೆಸರಿನಲ್ಲಿ ಬಜೆಯ ಹೆಗಲಿಗೆ ಹೆಗಲು ಕೊಟ್ಟು ಇನ್ನೊಂದು ಗಿಡವೂ ಬೆಳೆಯುತ್ತದೆ. ಅದೇ ಎತ್ತರ, ಅಂಥದೇ ಎಲೆ. ಹೂ ಬಿಟ್ಟಾಗ ಮಾತ್ರ ಹಳದಿ ಬಾವುಟ ಹಾರಿಸಿ ತಾನು ಬೇರೆ ಎಂದು ಸಾರುತ್ತದೆ. ಆದರೆ ಬೇರು ಅಗೆಯುವುದು ಎಲೆ ಒಣಗಿ, ಹೂವಿನ ಗುರುತೂ ಅಳಿದ ಕಾಲದಲ್ಲಿ. ಅಂಗಳದವರು ಅದನ್ನು ಕಳ್ಳಬಜೆ ಎನ್ನುತ್ತಾರೆ. ಅದು ಹೊಟ್ಟೆಗಿಳಿದರೆ ಕರುಳಿಗೆ ಕೊಳ್ಳಿ ಇಟ್ಟಂತೆ. ವಾಂತಿ ಭೇದಿ ಹಿಡಿದು ಮನುಷ್ಯ ನೆಲ ಹಿಡಿಯುತ್ತಾನೆ.

ಹಸಿ ಬೇರಾದರೆ ಕಣ್ಣಿಗೇ ಗೊತ್ತಾಗುತ್ತದೆ. ಬಜೆಯ ಒಳಗು ಬೆಳ್ಳಗೆ, ಕಳ್ಳಬಜೆಯದು ಕೆಂಪಗೆ. ಒಣಗಿದ ಮೇಲೆ, ಅದರಲ್ಲೂ ತಗಡಿನ ಸೂರಿನ ಕೆಳಗಿನ ಬೆಳಗಿನ ಮಬ್ಬಿನಲ್ಲಿ, ಎರಡೂ ಒಂದೇ ತಾಯಿಯ ಮಕ್ಕಳು. ಆಗ ಇರುವುದು ವಾಸನೆಯೊಂದೇ. ಮುರಿದರೆ ಬಜೆ ಮೂಗಿಗೆ ಒದೆಯುತ್ತದೆ; ಕಳ್ಳಬಜೆ ಸತ್ತ ಕಟ್ಟಿಗೆ. ಇದರಲ್ಲೂ ಒಂದು ಮೋಸವಿದೆ. ಒಂದು ರಾತ್ರಿ ಬಜೆಯ ಜೊತೆ ಒಂದೇ ಮೂಟೆಯಲ್ಲಿ ಮಲಗಿದರೆ ಸಾಕು, ಕಳ್ಳಬಜೆಯ ಸಿಪ್ಪೆಯೂ ಬಜೆಯ ಘಾಟು ಹೊದ್ದುಕೊಂಡು ಎದ್ದುಬರುತ್ತದೆ. ಆದ್ದರಿಂದ ಮೇಲೆ ಮೂಸಿದರೆ ಸಾಲದು. ಮುರಿಯಬೇಕು, ಒಳಗು ಮೂಸಬೇಕು.

“ಊರೆಲ್ಲ ಮೇಲೆ ಮೇಲೆ ಮೂಸುತ್ತೆ. ಒಳಗಿಂದು ಮೂಸೋನು ನಾನೊಬ್ಬನೇ,” ಎನ್ನುತ್ತಾರೆ ಮೂಗಯ್ಯ.

ತಗಡು ಹೊದಿಸಿದ ಉದ್ದನೆಯ ಮೇಜಿನ ತುದಿಯಲ್ಲಿ ಅವರ ಸ್ಟೂಲು. ಪಕ್ಕದಲ್ಲೇ ಅತ್ತಿಗೆ, ಎಂದರೆ ತೀರಿಹೋದ ಅಣ್ಣನ ಹೆಂಡತಿ. ಬೇರಿನ ಮೇಲಿನ ನಾರು ಕೆರೆದು ಕೊಡುವುದು ಅವರ ಪಾಲಿನ ಕೆಲಸ. ದಿನಾ ನಡೆಯುವ ನೋಟ ಹೀಗಿದೆ: ಮೂಗಯ್ಯ ಬೇರನ್ನು ಟಪ್ಪೆಂದು ಮುರಿಯುತ್ತಾರೆ. ಕಣ್ಣು ಮುಚ್ಚುತ್ತಾರೆ. ಎದೆ ಉಬ್ಬುವಷ್ಟು ಉಸಿರೆಳೆಯುತ್ತಾರೆ. ಆಮೇಲೆ, ಮಗುವಿಗೆ ಆಟಿಕೆ ತೋರಿಸಿದ ಹಾಗೆ, ಆ ತುಂಡನ್ನು ಅತ್ತಿಗೆಯ ಮೂಗಿನ ಕೆಳಗೆ ಆಡಿಸುತ್ತಾರೆ. “ನೋಡಿ ಅತ್ತಿಗೆ, ಎಂಥಾ ಮಾಲು!”

ಅತ್ತಿಗೆಗೆ ಬಜೆಯ ವಾಸನೆ ಕಂಡರಾಗದು. ಹರಳೆಣ್ಣೆ ಕುಡಿದವರ ಹಾಗೆ ಮುಖ ಮುದುಡಿಕೊಳ್ಳುತ್ತಾರೆ. “ಹಿಡೀಬೇಡಿ ಅಂತ ಎಷ್ಟು ಸಲ ಹೇಳಲಿ ಪುಣ್ಯಾತ್ಮ! ನಿಮ್ಮ ಮಾಲು ನಿಮ್ಮ ಹತ್ರಾನೇ ಇಟ್ಕೊಳ್ಳಿ.”

“ಬಜೆ,” ಎಂದು ಮೂಗಯ್ಯ ತೀರ್ಪು ಕೊಟ್ಟು ಬಲಗಡೆಯ ಬುಟ್ಟಿಗೆ ಎಸೆಯುತ್ತಾರೆ. ಎಂದೋ ಒಮ್ಮೊಮ್ಮೆ “ಕಳ್ಳ” ಎಂದು ಎಡಗಡೆಯ ಡಬ್ಬಕ್ಕೆ. ನ್ಯಾಯಾಧೀಶರೂ ಇಷ್ಟು ಬೇಗ ತೀರ್ಪು ಕೊಡುವುದಿಲ್ಲ.

ದಿನಕ್ಕೆ ಎಷ್ಟು ಆರಿಸುತ್ತೀರಿ ಎಂದರೆ ಮೂಗಯ್ಯನ ಲೆಕ್ಕ ನೂರು ಮೂಟೆ, ಅತ್ತಿಗೆಯ ಲೆಕ್ಕ ಎಂಟು, ತಕ್ಕಡಿಯ ಲೆಕ್ಕ ಹನ್ನೊಂದು. ಅಗೆತದ ಕಾಲದಲ್ಲಿ ಹನ್ನೊಂದೂ ಸಣ್ಣ ಮಾತಲ್ಲ. ಒಂದೊಂದು ಬೇರನ್ನೂ ಮುರಿಯಬೇಕು. ಸಂಜೆಯ ಹೊತ್ತಿಗೆ ಹೆಬ್ಬೆರಳು ಊದಿ ಚಮಚ ಹಿಡಿಯಲೂ ಬಾರದು. ಎದ್ದ ಧೂಳು ಗಂಟಲಲ್ಲಿ ಕೂತು ಇಡೀ ರಾತ್ರಿ ಕೆಮ್ಮಿಸುತ್ತದೆ.

ಮೇಜಿಗೆ ಬರುವ ಮೊದಲು ಅವರು ಅಗೆಯುವವರಾಗಿದ್ದರು. ಮೊಳಕಾಲುದ್ದದ ತಣ್ಣೀರಿನಲ್ಲಿ ನಿಂತು, ಕೊಕ್ಕೆ ಇಳಿಸಿ, ಬೇರಿನ ಸುರುಳಿಯನ್ನು ಕೆಸರಿನಿಂದ ಕೀಳುವುದು. ಅಣ್ಣ ತಮ್ಮ ಇಬ್ಬರೂ ಒಂದೇ ಜೊತೆ ಬೂಟನ್ನು ದಿನ ಬಿಟ್ಟು ದಿನ ಹಾಕಿಕೊಂಡ ಕಾಲವದು. ಕಾಲಿಗೆ ಹತ್ತಿದ ಜಿಗಣೆಗಳು ತಮ್ಮ ರಕ್ತ ಕುಡಿದು ಘಮಘಮ ಎನ್ನತೊಡಗಿದವು ಎಂದು ಮೂಗಯ್ಯ ಹೇಳುತ್ತಾರೆ. ಒಮ್ಮೆ ರಸ್ತೆಯಲ್ಲಿ ಓಡುತ್ತಿದ್ದ ಲಾರಿಯೊಳಗಿನ ಬಾಯಿಕಟ್ಟಿದ ಮೂಟೆಯ ತಳದಲ್ಲಿ ಒಂದೇ ಒಂದು ಕಳ್ಳಬಜೆ ಇದ್ದದ್ದು ಅವರಿಗೆ ಪಾದಚಾರಿ ಹಾದಿಯಿಂದಲೇ ಗೊತ್ತಾಯಿತಂತೆ. ಓಡಿ ಹೋಗಿ ಲಾರಿ ನಿಲ್ಲಿಸಿದರಂತೆ. ಅಂದಿನಿಂದ ಮೇಜು ಅವರದಾಯಿತಂತೆ. ಎರಡು ವರ್ಷದ ಹಿಂದೆ ಬಂದ ಜ್ವರ ಮಾತ್ರ ಅವರನ್ನು ಹಾಸಿಗೆಗೆ ಕಟ್ಟಿಹಾಕಿತ್ತು. “ಜ್ವರಾನೂ ನನ್ನ ಮೂಗಿಗೆ ಹೆದರಿ ಕಾಲಿನ ಕಡೆಯಿಂದ ಓಡಿಹೋಯ್ತು,” ಎನ್ನುತ್ತಾರೆ.

ಹೀಗೆ ಆಕಾಶಕ್ಕೆ ಏಣಿ ಹಾಕುವ ಮೂಗಯ್ಯ ಒಂದೇ ಒಂದು ವಿಷಯಕ್ಕೆ ಬಂದರೆ ಏಣಿ ಮಡಚಿಡುತ್ತಾರೆ. ಅದು ತಂಗಿಯ ಕಾಯಿಲೆ.

ತಂಗಿ ಎರಡು ಬೀದಿ ಆಚೆಗಿನ ದರ್ಜಿ ಅಂಗಡಿಯಲ್ಲಿ ಅಂಚು ಹೊಲಿಯುತ್ತಾರೆ. ದಿನವಿಡೀ ಬಾಗಿ ಕೂತು ಅವರಿಗೆ ಹೊಟ್ಟೆ ಉಬ್ಬರ. ಅಣ್ಣ ಕೊಟ್ಟ ಬಜೆಯ ಚೂರನ್ನು ಊಟವಾದ ಮೇಲೆ ಜಗಿಯುವುದು ವರ್ಷಗಳ ರೂಢಿ. ಹೋದ ತಿಂಗಳು ಹಾಗೆ ಜಗಿದವರು ಹೊಲಿಗೆ ಯಂತ್ರದ ಮೇಲೆಯೇ ಕುಸಿದರು. ವಾಂತಿ ನಿಲ್ಲಲಿಲ್ಲ. ಆಸ್ಪತ್ರೆಯ ಮಂಚದಲ್ಲಿ ಸೂಜಿ ಚುಚ್ಚಿಸಿಕೊಂಡು ಮಲಗಿದಾಗ ಡಾಕ್ಟರು ಎಷ್ಟು ತಿಂದಿರಿ ಎಂದು ಕೇಳಿದರು. ಗಾಬರಿಯಲ್ಲಿ ಆಕೆ, “ಅವತ್ತು ಸ್ವಲ್ಪ ಜಾಸ್ತಿ ಆಗಿರಬಹುದು,” ಎಂದರು.

ಮಂಚದ ಪಕ್ಕದಲ್ಲಿದ್ದ ಅಣ್ಣ ಆ ಮಾತನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. “ನೋಡಿದ್ಯಾ? ಅಳತೆ ಮೀರಿದ್ದೀಯ. ಅತಿಯಾದ್ರೆ ಅಮೃತಾನೂ ವಿಷ ಅಂತ ಹೇಳಿರಲಿಲ್ವಾ?”

ಅಂದಿನಿಂದ ತಂಗಿ ತನ್ನ ನಾಲಿಗೆಯನ್ನು ಬೈಯುತ್ತ ಸಪ್ಪೆ ಊಟ ಮಾಡುತ್ತಿದ್ದಾರೆ. ಮಾತು ಬಂದಾಗಲೆಲ್ಲ ಅಂಗಡಿಯಲ್ಲಿ, “ತಪ್ಪು ನಂದೇ. ನಮ್ಮಣ್ಣನ ಬೇರಲ್ಲಿ ದೋಷ ಇರುತ್ತಾ?” ಎನ್ನುತ್ತಾರೆ.

ಡಾಕ್ಟರು ಆಸ್ಪತ್ರೆಯ ಕಾರಿಡಾರಿನಲ್ಲಿ ನಿಲ್ಲಿಸಿ ಮೂಗಯ್ಯನಿಗೆ ಇನ್ನೊಂದು ಮಾತನ್ನೂ ಹೇಳಿದ್ದರು. ಕಳ್ಳಬಜೆ ಬಿಡಿ, ನಿಜವಾದ ಬಜೆಯನ್ನೂ ಹೀಗೆ ವರ್ಷಗಟ್ಟಲೆ ತಿನ್ನಬಾರದು. ಅದರ ಎಣ್ಣೆಯಲ್ಲಿ ಒಂದು ಅಂಶವಿದೆ. ಪ್ರಯೋಗಶಾಲೆಯಲ್ಲಿ ಬಹುಕಾಲ ತಿನ್ನಿಸಿದ ಇಲಿಗಳ ಕರುಳಿನಲ್ಲಿ ಗಡ್ಡೆ ಬೆಳೆದದ್ದುಂಟು. ಕೆಲವು ತಳಿಗಳಲ್ಲಿ ಅದು ಹೆಚ್ಚು, ಕೆಲವುಗಳಲ್ಲಿ ಇಲ್ಲವೇ ಇಲ್ಲ. ಎಲ್ಲದರ ಎಲೆಯೂ ಒಂದೇ, ಘಾಟೂ ಸುಮಾರು ಒಂದೇ. ಕೆಲವು ದೇಶಗಳಲ್ಲಿ ಅದನ್ನು ತಿನ್ನುವ ಪದಾರ್ಥಕ್ಕೆ ಬೆರೆಸಕೂಡದೆಂದು ಕಾನೂನೇ ಇದೆ. ಇದನ್ನೆಲ್ಲ ಕೇಳಿ ಬಂದ ಮೂಗಯ್ಯ ಅಂಗಳದಲ್ಲಿ ಹೇಳಿದ್ದಿಷ್ಟೇ: “ಡಾಕ್ಟರಿಗೆ ಇಲಿ ವಿಷಯ ಗೊತ್ತು. ಮನುಷ್ಯರ ವಿಷಯ ಗೊತ್ತಿಲ್ಲ.”

ಇಂದು ಬೆಳಿಗ್ಗೆ ಅಂಗಳದಲ್ಲಿ ಒಂದು ಸಣ್ಣ ಬದಲಾವಣೆ ಇದೆ. ಅತ್ತಿಗೆ ಮುಖಕ್ಕೆ ಬಟ್ಟೆ ಸುತ್ತಿಕೊಂಡು ಬಂದಿದ್ದಾರೆ. ಎರಡು ಕಣ್ಣು ಬಿಟ್ಟು ಮತ್ತೇನೂ ಕಾಣದು.

“ಏನತ್ತಿಗೆ, ದರೋಡೆಗೆ ಹೊರಟ್ರಾ?”

“ಧೂಳು,” ಎಂದು ಅತ್ತಿಗೆ ಕೆರೆಯುವ ಚಾಕು ಎತ್ತಿಕೊಳ್ಳುತ್ತಾರೆ.

“ಇಷ್ಟು ವರ್ಷ ಇಲ್ಲದ ಧೂಳು ಇವತ್ತು ಎಲ್ಲಿಂದ ಬಂತು?”

“ಇಷ್ಟು ವರ್ಷ ನಾನು ದಡ್ಡಿ ಆಗಿದ್ದೆ.”

ಮೂಗಯ್ಯ ನಗುತ್ತಾರೆ. ಬೇರು ಮುರಿಯುತ್ತಾರೆ, ಕಣ್ಣು ಮುಚ್ಚುತ್ತಾರೆ, ಉಸಿರೆಳೆಯುತ್ತಾರೆ, ಅತ್ತಿಗೆಯ ಕಡೆ ಆಡಿಸುತ್ತಾರೆ. ಬಟ್ಟೆ ಅಲುಗುವುದಿಲ್ಲ. ಇನ್ನೊಂದು ಮುರಿಯುತ್ತಾರೆ. ಬಟ್ಟೆ ಅಲುಗುವುದಿಲ್ಲ. ಸೂರಿನಂಚಿನಿಂದ ಬರುವ ಬೆಳಕಿಗೆ ತುಂಡನ್ನು ಎತ್ತಿ ಹಿಡಿದು, ತಿರುಗಿಸಿ, ಉಗುರಿನಿಂದ ಗೀರಿ ನೋಡುತ್ತಾರೆ. ಆಮೇಲೆ ಬಲಗಡೆಯ ಬುಟ್ಟಿಗೆ ಹಾಕುತ್ತಾರೆ. ಎಸೆಯುವುದಿಲ್ಲ, ಹಾಕುತ್ತಾರೆ. ನೂರು ಮೂಟೆಯ ಶೂರರು ಒಂದು ಮೂಟೆ ಮುಗಿಸುವಷ್ಟರಲ್ಲಿ ಬೆಳಿಗ್ಗೆಯ ಚಹಾ ಬಂದು ಆರಿ ಹೋಗಿರುತ್ತದೆ.

“ಏನಪ್ಪಾ, ಇವತ್ತು ಮೂಗಿಗೆ ರಜೆಯಾ?” ಎಂದು ತಕ್ಕಡಿಯ ಬಳಿಯಿಂದ ಅಂಗಳದ ಯಜಮಾನರು ಕೂಗುತ್ತಾರೆ.

“ಮಾಲು ಜಾಸ್ತಿ ಚೆನ್ನಾಗಿದೆ ಯಜಮಾನ್ರೇ. ಬಿಡೋಕೆ ಮನಸ್ಸು ಬರ್ತಿಲ್ಲ.”

ಅಷ್ಟರಲ್ಲಿ ಗೇಟು ಕಿರುಗುಟ್ಟುತ್ತದೆ. ತಂಗಿ. ಅಂಗಡಿಗೆ ಹೋಗುವ ದಾರಿಯಲ್ಲಿ ಬಂದಿದ್ದಾರೆ. ಕುತ್ತಿಗೆಯಲ್ಲಿ ಅಳತೆಯ ಟೇಪು ಆಗಲೇ ಜೋತುಬಿದ್ದಿದೆ. ಮುಖ ಇನ್ನೂ ಬಾಡಿದೆ. ಕೈಯಲ್ಲಿ ಬಜೆ ಇಟ್ಟುಕೊಳ್ಳುವ ಪುಟ್ಟ ಡಬ್ಬಿ.

“ಅಣ್ಣಾ, ಒಂದು ತುಂಡು ಕೊಡೋ. ನಿನ್ನ ಕೈಯಿಂದಾನೇ ಬೇಕು.”

“ಡಾಕ್ಟರು ಬೇಡ ಅಂದಿಲ್ವಾ?”

“ಅಂದ್ರು. ಹೊಟ್ಟೆ ಅವರ ಮಾತು ಕೇಳಬೇಕಲ್ಲ? ಈ ಸಲ ಉಗುರಿನಷ್ಟೇ ತಿಂತೀನಿ. ಆಣೆಗೂ ಅಳತೆ ಮೀರಲ್ಲ. ನನ್ನ ನಾಲಿಗೆಗೆ ಬುದ್ಧಿ ಬಂದಿದೆ.”

ಮೂಗಯ್ಯ ರಾಶಿಯಿಂದ ಒಂದು ಬೇರು ಎತ್ತುತ್ತಾರೆ. ಮುರಿಯುತ್ತಾರೆ. ಮೂಸುತ್ತಾರೆ. ಅತ್ತಿಗೆಯ ಕಡೆ ತಿರುಗುತ್ತಾರೆ. “ಏನತ್ತಿಗೆ, ಎಂಥಾ ಮಾಲು...”

“ನನಗೇನು ಗೊತ್ತು? ಮೂಗು ನಿಮ್ಮದು.”

ಅದನ್ನು ಕೆಳಗಿಟ್ಟು ಇನ್ನೊಂದು ಎತ್ತುತ್ತಾರೆ. ಅದನ್ನೂ ಮುರಿಯುತ್ತಾರೆ. ಬಟ್ಟೆಯ ಮೇಲಿನ ಎರಡು ಕಣ್ಣು ಅವರನ್ನೇ ನೋಡುತ್ತಿವೆ. ತಂಗಿಯ ಅಂಗೈ ಎದುರಿಗೇ ಚಾಚಿದೆ. ಬೆರಳ ತುದಿಗಳಲ್ಲಿ ಸೂಜಿ ಚುಚ್ಚಿದ ಕಪ್ಪು ಚುಕ್ಕೆಗಳು. ಮೂಗಯ್ಯ ಆ ಅಂಗೈಯಲ್ಲಿ ತುಂಡನ್ನು ಇಡುತ್ತಾರೆ. ತಂಗಿ ಡಬ್ಬಿಯ ಮುಚ್ಚಳ ತೆರೆಯುತ್ತಾರೆ.

“ಕೊಡು ಇಲ್ಲಿ,” ಎಂದು ಮೂಗಯ್ಯ ತುಂಡನ್ನು ಕಿತ್ತುಕೊಳ್ಳುತ್ತಾರೆ.

“ಯಾಕೋ?”

“ಇದು ಏನು ಅಂತ ನನಗೆ ಗೊತ್ತಿಲ್ಲ.”

“ಗೊತ್ತಿಲ್ಲ ಅಂದ್ರೆ? ಮೂಸಿ ಹೇಳು.”

“ಮೂಸಿದೆ ಕಣೇ. ಮೂಸಿದ್ರೆ ಏನು, ಮೂಸದಿದ್ರೆ ಏನು. ಜ್ವರ ಬಂತಲ್ಲ, ಆವಾಗ್ಲೇ ಹೋಯ್ತು. ಬಜೆ, ಬೆಂಕಿ, ಬೆವರು, ಯಾವುದೂ ಬರಲ್ಲ.”

ತಕ್ಕಡಿಯ ಸದ್ದು ನಿಲ್ಲುತ್ತದೆ. ಯಜಮಾನರು ಕೈಯಲ್ಲಿ ತೂಕದ ಕಲ್ಲು ಹಿಡಿದೇ ನಿಂತಿದ್ದಾರೆ. “ಮತ್ತೆ ಎರಡು ವರ್ಷ ಹೇಗಯ್ಯಾ ಆರಿಸಿದೆ?”

ಉತ್ತರವನ್ನು ಅತ್ತಿಗೆ ಕೊಡುತ್ತಾರೆ. “ಆರಿಸಿದ್ದು ನನ್ನ ಮುಖ. ನಾನು ಮುಖ ಮುರಿದ್ರೆ ಬಜೆ, ಸುಮ್ಮನಿದ್ರೆ ಕಳ್ಳ. ನಾನು ಇದೇನೋ ಮೈದುನನ ಕೀಟಲೆ ಅಂದ್ಕೊಂಡು ಬೈತಾನೇ ಬಂದೆ. ಮೊನ್ನೆ ಇವಳು ನನಗೆ ಹೇಳಿದ್ಲು, ಅವತ್ತಿನ ತುಂಡು ಮೇಲೆ ಘಾಟು ಹೊಡೀತಿತ್ತು, ಕಚ್ಚಿದ್ರೆ ಒಳಗೆ ಏನೂ ಇರಲಿಲ್ಲ ಅಂತ. ಆವಾಗ್ಲೇ ನನಗೆ ಹೊಳೀತು. ಆ ತುಂಡು ಆರಿಸಿದ ವಾರ ನಾನು ಮಗಳ ಬಾಣಂತನಕ್ಕೆ ಹೋಗಿದ್ದೆನಲ್ಲ.”

“ಮುರಿದು ನೋಡಲಿಲ್ವೇನೋ?” ಎಂದು ತಂಗಿ ಅಣ್ಣನನ್ನು ಕೇಳುತ್ತಾರೆ. ದನಿ ಏರಿಲ್ಲ.

“ಇಲ್ಲ. ಮುರಿದು ಏನು ಮಾಡಲಿ?”

ಇಷ್ಟು ಬಾಯಿಬಿಟ್ಟ ಮೇಲೆ ಒಳಗಿದ್ದದ್ದೆಲ್ಲ ಕಟ್ಟೆಯೊಡೆದು ಬರುತ್ತದೆ. ಲಾರಿಯ ಕತೆ ಮೂಗು ಚೆನ್ನಾಗಿದ್ದಾಗಲೇ ಕಟ್ಟಿದ ಸುಳ್ಳು. ಲಾರಿ ತಾನಾಗಿಯೇ ಕೆಟ್ಟು ನಿಂತಿತ್ತು. ಮೇಜು ಸಿಕ್ಕಿದ್ದು ಮೊಣಕಾಲಿನ ನೋವಿಗೆ, ಅದೂ ತೀರಿಹೋದ ಆ ಅಣ್ಣ ಯಜಮಾನರ ಕಾಲು ಹಿಡಿದದ್ದಕ್ಕೆ. ನೆಟ್ಟಗೆ ಕೆಲಸ ಮಾಡುತ್ತಿದ್ದ ಕಾಲದಲ್ಲಿಯೂ ಅದು ಎಲ್ಲ ಆರಿಸುವವರಿಗೂ ಇರುವಂಥದೇ ಮೂಗು. ಇಲ್ಲಿ ಮೇಲೆ ಅಚ್ಚಾದ ಮಂಜು, ಕಪ್ಪೆಗಳನ್ನೂ ಓದುಗರು ಇದೇ ಖಾತೆಗೆ ಸೇರಿಸಿಕೊಳ್ಳಬೇಕು.

“ಮೂಗು ಇಲ್ಲ ಅಂದಿದ್ರೆ ನನ್ನನ್ನ ಯಾರು ಏನಂತ ಕರೀತಿದ್ರು ಹೇಳಿ. ಅದಕ್ಕೇ ಬಾಯಿ ಮುಚ್ಕೊಂಡಿದ್ದೆ. ಅದು ಹೋಗ್ಲಿ. ಆಸ್ಪತ್ರೇಲಿ ನೀನು ಜಾಸ್ತಿ ತಿಂದೆ ಅಂತ ನಿನ್ನ ತಲೆಗೇ ಕಟ್ಟಿದೆನಲ್ಲ. ಅದನ್ನ ಯಾವ ಬಾಯಲ್ಲಿ ಹೇಳಲಿ?”

ತಂಗಿ ಡಬ್ಬಿಯ ಮುಚ್ಚಳವನ್ನು ತೆರೆದು ಮುಚ್ಚಿ ಮಾಡುತ್ತಾರೆ. “ಒಂದು ತಿಂಗಳು ನನ್ನ ನಾಲಿಗೆಗೆ ನಾನೇ ಬೈದ್ಕೊಂಡೆ. ಉಪ್ಪು ಸಮೇತ ಬಿಟ್ಟೆ.” ಆಮೇಲೆ ಏನೋ ನೆನಪಾದವರಂತೆ ತಲೆಯೆತ್ತುತ್ತಾರೆ. “ಹೋದ ವಾರ ನಮ್ಮನೇಲಿ ಊಟ ಮಾಡಿ, ಬೀದಿ ತಿರುವಿಂದಾನೇ ಸಾರಿನ ಘಮ ಬಂತು ಅಂದ್ಯಲ್ಲೋ!”

“ಸುಳ್ಳು.”

“ತಲೆದಿಂಬಲ್ಲಿ ಅಮ್ಮನ ಎಣ್ಣೆ ವಾಸನೆ ಇನ್ನೂ ಇದೆ ಅಂದ್ಯಲ್ಲ?”

“ಅದೂ ಸುಳ್ಳು.”

ಇಂದು ಬೆಳಿಗ್ಗೆ ಆರಿಸಿ ಬಾಯಿ ಹೊಲಿದ ಮೂಟೆಯನ್ನು ಬಿಚ್ಚಬೇಕೆಂದು ಅತ್ತಿಗೆ ಹೇಳುತ್ತಾರೆ. ಕಟ್ಟಿದ್ದನ್ನು ಬಿಚ್ಚುವುದಾ ಎಂದು ಯಜಮಾನರು ಗೊಣಗುತ್ತಲೇ ದಾರ ಕತ್ತರಿಸುತ್ತಾರೆ. ಆದರೆ ಅತ್ತಿಗೆ ಊರಲ್ಲಿಲ್ಲದ ಆ ವಾರದ ಮೂಟೆಗಳು ಎಂದೋ ಹೊರಟುಹೋಗಿವೆ. ಯಾವ ಯಾವ ಊರಿನ ಅಂಗಡಿಗೆ ಹೋದವೋ, ಯಾರ ಕಲ್ಲಿನ ಮೇಲೆ ತೇಯಲ್ಪಟ್ಟವೋ, ಯಾರು ತಮ್ಮ ನಾಲಿಗೆಯನ್ನು ಬೈದುಕೊಂಡರೋ. ಕೊಂಡ ವ್ಯಾಪಾರಿಗಳಿಗೆಲ್ಲ ಫೋನ್ ಮಾಡುತ್ತೇನೆ ಎಂದು ಯಜಮಾನರು ಹೇಳುತ್ತಾರೆ. ಎಲ್ಲರೂ ಸಿಗುವರೆಂಬ ಧೈರ್ಯ ಅವರ ದನಿಯಲ್ಲಿಲ್ಲ.

ಮೂಗಯ್ಯ ಸ್ಟೂಲು ಬಿಟ್ಟು ಎದ್ದು, ಗೋಡೆಬದಿಯ ಸಿಮೆಂಟಿನ ತೊಟ್ಟಿಯ ಹತ್ತಿರ ಹೋಗಿ ತೋಳು ಮಡಚುತ್ತಾರೆ. ಹೊಸದಾಗಿ ಅಗೆದ ಬೇರಿನ ಕೆಸರು ತೊಳೆಯುವ ಜಾಗ ಅದು. “ಪೇಪರಲ್ಲಿ ಹಾಕೋದಾದ್ರೆ ಒಂದು ಮಾತು ಹಾಕಿ,” ಎನ್ನುತ್ತಾರೆ, ನೀರಿನಲ್ಲಿ ಕೈಯಿಟ್ಟು, ಈ ಲೇಖನಕ್ಕೆಂದು ಬಂದ ನಮ್ಮ ಕಡೆ ತಿರುಗಿ. “ನಮ್ಮ ಅಂಗಳದ್ದಾಗ್ಲಿ, ಬೇರೆಯವರದ್ದಾಗ್ಲಿ, ಮುರಿಯದೆ ಯಾರೂ ಬಾಯಿಗೆ ಹಾಕ್ಕೋಬೇಡಿ. ಮುರಿದು ಘಾಟು ಬಂದ್ರೂ ದಿನಾ ತಿನ್ಬೇಡಿ. ಡಾಕ್ಟರು ಹೇಳಿದ ಆ ಎಣ್ಣೆ ವಿಷಯ, ನನ್ನ ಮೂಗು ಸರಿ ಇದ್ದಾಗಲೂ ಅದಕ್ಕೆ ಗೊತ್ತಿರಲಿಲ್ಲ. ಇವಳಿಗೆ ಅಷ್ಟು ವರ್ಷ ನಾನೇ ಕೊಟ್ಟಿದ್ದೀನಿ. ಒಳಗೆ ಏನು ಮಾಡಿಟ್ಟಿದೆಯೋ. ಏನೂ ಮಾಡಿರದಿದ್ರೆ ಸಾಕು. ನನಗೆ ಬೇರೇನೂ ಬೇಡ.”

ತಂಗಿ ಅಂಗಡಿಗೆ ಹೊತ್ತಾಯಿತೆಂದು ಹೊರಡುತ್ತಾರೆ. ಗೇಟಿನವರೆಗೂ ಹೋಗಿ ತಿರುಗಿ ಬರುತ್ತಾರೆ. ಮೇಜಿನ ರಾಶಿಯಿಂದ ಒಂದು ಬೇರು ಎತ್ತಿಕೊಂಡು ತೊಟ್ಟಿಯ ಬಳಿ ಬಂದು, ಟಪ್ಪೆಂದು ಮುರಿದು, ಅಣ್ಣನ ಮೂಗಿನ ಕೆಳಗೆ ಹಿಡಿಯುತ್ತಾರೆ.

“ಇದು?”

“ಏನೂ ಇಲ್ಲ.”

ಇನ್ನೊಂದು ಮುರಿಯುತ್ತಾರೆ. “ಇದು?”

“ಇಲ್ಲ.”

“ಸುಳ್ಳು ಹೇಳ್ಬೇಡ.”

“ಇಲ್ಲ ಕಣೇ. ನಿಜವಾಗ್ಲೂ ಏನೂ ಬರ್ತಿಲ್ಲ.”

ಅತ್ತಿಗೆ ಮುಖದ ಬಟ್ಟೆಯನ್ನು ಕೆಳಗೆ ಸರಿಸಿದ್ದಾರೆ. ಆ ತುಂಡಿನ ಘಾಟು ಮೇಜಿನವರೆಗೂ ಬಂದು ಅವರ ಮುಖ ಮುದುಡುತ್ತದೆ. ಮೂಗಯ್ಯ ಆ ಕಡೆ ನೋಡುವುದಿಲ್ಲ.